ಉದ್ಯಾನದ ಹುಲ್ಲು ಒಣಗುವುದು ಬಿಸಿಲಿಗಲ್ಲ

ಮಾನ್ಯ ಸಂಪಾದಕರೇ,

ಕಲಬುರಗಿಯ ಹೊಸ ಬಡಾವಣೆಗಳ ಉದ್ಯಾನ, ರಸ್ತೆ ವಿಭಜಕ, ಕಚೇರಿಗಳ ಮುಂದಿನ ಅಂಗಳ, ಎಲ್ಲಿ ನೋಡಿದರೂ ನಡೆಯುವುದು ಒಂದೇ. ಉದ್ಘಾಟನೆಗೆ ಎಂಟು ದಿನ ಇರುವಾಗ ಲಾರಿಯಲ್ಲಿ ಹುಲ್ಲಿನ ಹಾಸು ಬರುತ್ತದೆ, ಒಂದೇ ದಿನದಲ್ಲಿ ನೆಲ ಹಸಿರಾಗುತ್ತದೆ. ಎರಡನೆಯ ಬೇಸಿಗೆಯ ಹೊತ್ತಿಗೆ ಅದರಲ್ಲಿ ಅರ್ಧ ಬೋಳು, ಉಳಿದರ್ಧ ಜೇಕು ಎಂಬ ಕಳೆ. ‘ನಮ್ಮ ಬಿಸಿಲಿಗೆ ಏನೂ ಉಳಿಯಂಗಿಲ್ಲ’ ಎನ್ನುತ್ತ ಮತ್ತೆ ಟೆಂಡರ್ ಕರೆಯುತ್ತಾರೆ. ಅದೇ ಹುಲ್ಲು ಅದೇ ನೆಲದ ಮೇಲೆ ಮತ್ತೆ ಬಂದು ಕೂರುತ್ತದೆ. ತಪ್ಪು ಬಿಸಿಲಿನದಲ್ಲ, ಹುಲ್ಲಿನದೂ ಅಲ್ಲ. ಹುಲ್ಲಿನ ಕೆಳಗಿನ ಆರು ಇಂಚು ಮಣ್ಣಿನಲ್ಲಿ ಏನು ಮಾಡಬೇಕಿತ್ತೋ ಅದನ್ನು ಯಾರೂ ಮಾಡಿಲ್ಲ. ಇದನ್ನು ವಿವರವಾಗಿ ಹೇಳಬೇಕೆಂದೇ ಈ ಪತ್ರ.

ಮೊದಲು ಹುಲ್ಲಿನ ಗುರುತು ಹೇಳಬೇಕು. ನರ್ಸರಿಗಳಲ್ಲಿ ‘ಮೆಕ್ಸಿಕನ್’, ‘ಕೊರಿಯನ್’, ‘ಮನಿಲಾ’ ಎಂಬ ಹೆಸರಿನಲ್ಲಿ ಸಿಗುವ ಸಣ್ಣೆಲೆಯ ಹುಲ್ಲುಗಳು ಬಹುತೇಕ ಜೋಯ್ಸಿಯಾ ಕುಲದವು. ಮೆಕ್ಸಿಕೋ ದೇಶಕ್ಕೂ ಈ ಕುಲಕ್ಕೂ ಹುಟ್ಟಿನ ನಂಟಿಲ್ಲ. ಇವುಗಳಲ್ಲಿ ಜೋಯ್ಸಿಯಾ ಮ್ಯಾಟ್ರೆಲ್ಲಾ ಎಂಬುದು ನಮ್ಮದೇ ದೇಶದ ಕಡಲಂಚಿನ ಹುಲ್ಲು. ಸಸ್ಯಶಾಸ್ತ್ರಜ್ಞ ಲಿನೇಯಸ್ 1771ರಲ್ಲೇ ಇದಕ್ಕೆ ಹೆಸರಿಟ್ಟಿದ್ದಾನೆ. ಭಾರತದ ಕರಾವಳಿಯಿಂದ ಆಗ್ನೇಯ ಏಷ್ಯಾ ದಾಟಿ ಉತ್ತರ ಆಸ್ಟ್ರೇಲಿಯಾದವರೆಗೆ ಉಸುಕಿನ ದಂಡೆಗಳಲ್ಲಿ, ಉಪ್ಪುನೀರಿನ ಅಂಚುಗಳಲ್ಲಿ ತಾನಾಗಿ ಹಬ್ಬುತ್ತದೆ. ಆದ್ದರಿಂದ ‘ಪರದೇಶದ ಹುಲ್ಲು, ಕಿತ್ತು ಹಾಕಿ’ ಎನ್ನುವ ವಾದದಲ್ಲೂ ಹುರುಳಿಲ್ಲ. ಆದರೆ ಅದು ಕಡಲಂಚಿನದು, ನಮ್ಮದು ಎರೆ, ಅಂದರೆ ಕಪ್ಪು ಜಿಗುಟು ಮಣ್ಣಿನ ನೆಲ. ಈ ಎರಡರ ನಡುವೆ ಇರುವ ಅಂತರವನ್ನು ಮಣ್ಣಿನ ಕೆಲಸದಿಂದ ತುಂಬಬೇಕು.

ಕಡಲಂಚಿನಲ್ಲಿ ಈ ಹುಲ್ಲು ಸುಡುವ ಬಿಸಿಲು, ಉಪ್ಪುಗಾಳಿ, ಗೊಬ್ಬರವಿಲ್ಲದ ಉಸುಕು ಮೂರನ್ನೂ ತಾಳಿಕೊಳ್ಳುತ್ತದೆ. ಬೇರು ಹೀರಿದ ಉಪ್ಪನ್ನು ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳ ಮೂಲಕ ಹೊರಗೆ ಹಾಕುವ ಶಕ್ತಿ ಇದಕ್ಕಿದೆ. ನೆಲದ ಮೇಲೆ ಬಳ್ಳಿ, ನೆಲದೊಳಗೆ ಗೆಡ್ಡೆಯಂಥ ಕಾಂಡ, ಹೀಗೆ ಎರಡು ದಾರಿಯಲ್ಲಿ ಹಬ್ಬುವುದರಿಂದ ಮೇಲಿನದು ಸುಟ್ಟರೂ ಒಳಗಿನದು ಚಿಗುರುತ್ತದೆ. ಬೋರ್‌ವೆಲ್ ನೀರು ಸವಳಾಗಿರುವ ಕಡೆ, ಶುದ್ಧೀಕರಿಸಿದ ಕೊಳಚೆ ನೀರನ್ನು ಉದ್ಯಾನಕ್ಕೆ ಬಳಸುವ ಕಡೆ, ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಭಾಗದಲ್ಲಿ ಕಾಲುವೆ ನೀರಿನಿಂದ ಸವಳು ಹಿಡಿದಿರುವ ನೆಲಗಳಲ್ಲಿ ಈ ಗುಣ ನಿಜಕ್ಕೂ ಬೆಲೆಬಾಳುತ್ತದೆ.

ಇಷ್ಟು ಗಟ್ಟಿ ಹುಲ್ಲು ಇಲ್ಲಿ ಸೋಲುವುದೇಕೆ? ಕಡಲಂಚಿನ ಉಸುಕಿನಲ್ಲಿ ನೀರು ನಿಲ್ಲುವುದಿಲ್ಲ. ಉಪ್ಪು ಬಂದರೂ ಮುಂದಿನ ಮಳೆಗೆ ತೊಳೆದು ಕೆಳಗಿಳಿಯುತ್ತದೆ, ಬೇರಿಗೆ ಗಾಳಿ ಸದಾ ಸಿಗುತ್ತದೆ. ಎರೆ ಮಣ್ಣು ಇದಕ್ಕೆ ಪೂರ್ತಿ ತಿರುಗುಮುರುಗು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಮಳೆಗಾಲದಲ್ಲಿ ಉಬ್ಬಿದ ಮಣ್ಣಿನಲ್ಲಿ ಗಾಳಿಯ ಸಂದು ಮುಚ್ಚಿ ಬೇರು ಉಸಿರುಗಟ್ಟುತ್ತದೆ. ಬೇಸಿಗೆಯಲ್ಲಿ ಮೊಳಕೈ ಇಳಿಯುವಷ್ಟು ಬಿರುಕು ಬಿದ್ದು, ಎಳೆ ಬೇರು ಹರಿದು, ಹಾಯಿಸಿದ ನೀರೆಲ್ಲ ಬಿರುಕಿನಲ್ಲಿ ಮಾಯವಾಗುತ್ತದೆ. ತೊಗರಿ ಇದೇ ನೆಲದಲ್ಲಿ ನಿಲ್ಲುತ್ತದಲ್ಲ ಎಂದರೆ, ಅದರ ತಾಯಿಬೇರು ಆಳಕ್ಕಿಳಿದು ತೇವ ಹುಡುಕುತ್ತದೆ. ಲಾನಿನ ಹುಲ್ಲಿನ ಬೇರು ಹೆಚ್ಚಿನದು ಮೇಲಿನ ಆರು ಇಂಚಿನಲ್ಲೇ ಇರುತ್ತದೆ.

ಇದರ ಮೇಲೆ ಹಾಸಿನ ತೊಂದರೆ ಬೇರೆ. ಹಾಸು ಬರುವುದು ಒಂದು ಇಂಚು ಕೆಂಪು ಮಣ್ಣಿನೊಂದಿಗೆ. ಅದನ್ನು ನುಣುಪಾಗಿ ತಟ್ಟಿದ ಎರೆ ನೆಲದ ಮೇಲೆ ಇಟ್ಟರೆ ಎರಡು ಬಗೆಯ ಮಣ್ಣು ಸೇರುವ ಗೆರೆಯಲ್ಲಿ ನೀರು ತಡೆದು ನಿಲ್ಲುತ್ತದೆ, ಬೇರು ಆ ಗೆರೆಯನ್ನು ದಾಟುವುದೇ ಇಲ್ಲ. ಆರು ತಿಂಗಳ ನಂತರ ಹಾಸಿನ ಅಂಚು ಹಿಡಿದು ಎಳೆದರೆ ಚಾಪೆಯಂತೆ ಎದ್ದು ಬರುತ್ತದೆ. ಮೇ ತಿಂಗಳಲ್ಲಿ ತಾಡಪತ್ರಿ ಮುಚ್ಚಿದ ಲಾರಿಯಲ್ಲಿ ಎರಡು ದಿನ ಕುದ್ದ ಹಾಸಾದರೆ ಅಷ್ಟು ದಿನವೂ ಬೇಕಿಲ್ಲ.

ಹಾಗಾದರೆ ನೆಲ ಹೇಗೆ ಸಿದ್ಧವಾಗಬೇಕು? ಕೆಲಸ ಶುರುವಾಗಬೇಕಾದದ್ದು ಮಾರ್ಚ್ ಕೊನೆಗೆ. ಜೇಕು, ಕರಕಿ (ಗರಿಕೆ) ಇರುವ ಜಾಗವನ್ನು ಒಂದು ಅಡಿ ಆಳ ಅಗೆದು ಹೆಂಟೆ ಮಗುಚಿ ಬಿಡಬೇಕು. ಜೇಕಿನ ಗಡ್ಡೆ ಏಪ್ರಿಲ್ ಬಿಸಿಲಿಗೆ ಒಣಗಿ ಸಾಯುತ್ತದೆ. ನಮ್ಮ ಬಿಸಿಲು ಇಲ್ಲಿ ಔಷಧಿಯಂತೆ ಕೆಲಸ ಮಾಡುತ್ತದೆ. ಒಂದು ಸಲ ನೀರು ಹಾಯಿಸಿ, ಉಳಿದ ಗಡ್ಡೆ ಮೊಳೆತ ಮೇಲೆ ಮತ್ತೆ ಅಗೆಯಬೇಕು. ಹೀಗೆ ಕನಿಷ್ಠ ಎರಡು ಸುತ್ತು ಆಗಲೇಬೇಕು. ಇದನ್ನು ಬಿಟ್ಟರೆ ನಿಧಾನವಾಗಿ ಹಬ್ಬುವ ಈ ಹುಲ್ಲನ್ನು ಜೇಕು ಒಂದೇ ಮಳೆಗಾಲದಲ್ಲಿ ನುಂಗುತ್ತದೆ. ಆಮೇಲೆ ಕೈಯಿಂದ ಎಷ್ಟು ಕಿತ್ತರೂ ಮೇಲಿನ ಎಲೆ ಮಾತ್ರ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ.

ಅದೇ ಸಮಯದಲ್ಲಿ ಮೂರು ಪರೀಕ್ಷೆ ಮಾಡಿಕೊಳ್ಳಬೇಕು. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ ಇಂಗಲು ಬಿಡಿ, ಮರುದಿನ ಮತ್ತೆ ತುಂಬಿ. ಎರಡನೆಯ ಸಲ ಗಂಟೆಗೆ ಒಂದು ಇಂಚಾದರೂ ಇಳಿಯಬೇಕು. ಮೊದಲ ಸಲದ ಲೆಕ್ಕ ನಂಬಬಾರದು, ಒಣ ಎರೆಯ ಬಿರುಕು ನೀರನ್ನು ಸುಮ್ಮನೆ ನುಂಗಿ ಸುಳ್ಳು ಹೇಳುತ್ತದೆ. ಎರಡನೆಯದು ಹೆಂಟೆಯ ಪರೀಕ್ಷೆ. ಕಡಲೆಕಾಳಿನಷ್ಟು ಒಣ ಹೆಂಟೆಯನ್ನು ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ನೀರು ಇರುವ ಗಾಜಿನ ಲೋಟದಲ್ಲಿ ಮೆಲ್ಲಗೆ ಇಳಿಸಿ, ಅಲುಗಾಡಿಸದೆ ಕೆಲವು ಗಂಟೆ ಬಿಡಿ. ಹೆಂಟೆ ಪುಡಿಯಾಗಿ ತಳದಲ್ಲಿ ಕುಳಿತು ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಸುತ್ತಲೂ ಹಾಲಿನಂತೆ ಮಬ್ಬು ಹರಡಿದರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಾಗಿದೆ. ಅಂಥ ನೆಲಕ್ಕೆ ಮಾತ್ರ ಜಿಪ್ಸಂ ಬೇಕು, 1,000 ಚದರ ಅಡಿಗೆ 25ರಿಂದ 50 ಕೆ.ಜಿ. ಹಾಕಿ ಮೇಲೆ ಚೆನ್ನಾಗಿ ನೀರು ಹಾಯಿಸಿ, ಬಿಟ್ಟುಕೊಂಡ ಸೋಡಿಯಂ ಹರಿದುಹೋಗಲು ದಾರಿ ಮಾಡಬೇಕು. ಕೆಳಗೆ ದಾರಿ ಇಲ್ಲದಿದ್ದರೆ ಜಿಪ್ಸಂ ಹಾಕಿಯೂ ಹಾಕದಂತೆಯೇ. ಮೂರನೆಯದು ಮಣ್ಣು ಮತ್ತು ನೀರಿನ ಪ್ರಯೋಗಾಲಯ ಪರೀಕ್ಷೆ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಇದನ್ನು ವಿಚಾರಿಸಬಹುದು. ಲಕ್ಷಾಂತರ ರೂಪಾಯಿಯ ಹುಲ್ಲು ತರುವವರು ಈ ಸಣ್ಣ ಖರ್ಚು ಉಳಿಸುವುದು ನಮಗೆ ಅರ್ಥವಾಗುವುದಿಲ್ಲ.

ಎರೆ ಮಣ್ಣಿಗೆ ನಾಲ್ಕು ಬುಟ್ಟಿ ಉಸುಕು ಬೆರೆಸಿದರೆ ಹಗುರಾಗುತ್ತದೆ ಎಂಬ ನಂಬಿಕೆ ತುಂಬ ಕಡೆ ಇದೆ. ಆಗುವುದಿಲ್ಲ. ಉಸುಕಿನ ಪಾಲು ಅರ್ಧಕ್ಕಿಂತ ಸಾಕಷ್ಟು ಮೇಲೆ ಹೋಗುವವರೆಗೆ ಅದರ ಕಣಗಳು ಜಿಗುಟಿನಲ್ಲಿ ಮುಳುಗಿಯೇ ಇರುತ್ತವೆ, ನೀರು ಇಳಿಯುವ ಸಂದು ಹುಟ್ಟುವುದಿಲ್ಲ. ಅಷ್ಟು ಉಸುಕು ತರುವ ಬದಲು ಎರೆಯ ಮೇಲೆ ಮಸಾರಿ (ಕೆಂಪು) ಮಣ್ಣಿನ ಏರುಮಡಿ ಕಟ್ಟುವುದೇ ಅಗ್ಗ ಮತ್ತು ಖಾತ್ರಿ. ಮೊದಲು ಕೆಳಗಿನ ಎರೆ ನೆಲವನ್ನು ಹದ ತೇವವಿರುವಾಗ 100 ಅಡಿಗೆ ಒಂದೂವರೆಯಿಂದ ಎರಡು ಅಡಿ ಇಳಿಜಾರಾಗುವಂತೆ ಸಮ ಮಾಡಬೇಕು. ಅದನ್ನು ನುಣ್ಣಗೆ ರೋಲ್ ಮಾಡಬಾರದು. ಮೊದಲ ಎರಡು ಇಂಚು ಮಸಾರಿಯನ್ನು ಹರಡಿ ಮೇಲಿನ ಎರಡು ಇಂಚು ಎರೆಯೊಂದಿಗೆ ಗುದ್ದಲಿಯಿಂದ ಕಲಸಿ, ಎರಡು ಮಣ್ಣಿನ ನಡುವಿನ ಗೆರೆ ಅಳಿಸಬೇಕು. ಆಮೇಲೆ ಉಳಿದದ್ದು.

ಲೆಕ್ಕ ಹೀಗೆ: 1,000 ಚದರ ಅಡಿಗೆ ಆರು ಇಂಚು ದಪ್ಪವೆಂದರೆ 500 ಘನ ಅಡಿ, ಅಂದರೆ 5 ಬ್ರಾಸ್. ಮಣ್ಣು ಕೂರುವುದರಿಂದ 6 ಬ್ರಾಸ್ ತರಿಸಬೇಕು. ಟೆಂಡರಿನಲ್ಲಿ ‘ಅಗತ್ಯವಿದ್ದಷ್ಟು ಕೆಂಪು ಮಣ್ಣು’ ಎಂದು ಬರೆದರೆ ಬರುವುದು ಎರಡು ಬ್ರಾಸ್ ಮಾತ್ರ. ಪೂರ್ತಿ ಕೊಳೆತ ತಿಪ್ಪೆಗೊಬ್ಬರ 250 ಕೆ.ಜಿ., ಸಿಂಗಲ್ ಸೂಪರ್ ಫಾಸ್ಫೇಟ್ 5 ಕೆ.ಜಿ. ಮೇಲಿನ ನಾಲ್ಕು ಇಂಚಿನಲ್ಲಿ ಬೆರೆಸಬೇಕು. ಗೊಬ್ಬರ ಹಸಿಯಾಗಿದ್ದರೆ ಗೆದ್ದಲು ಮತ್ತು ಗೊಣ್ಣೆಹುಳುವಿಗೆ ನಾವೇ ಕರೆ ಕೊಟ್ಟಂತೆ, ಜೊತೆಗೆ ಕಾಂಗ್ರೆಸ್ ಕಸದ ಬೀಜ ಉಚಿತ. ಮಡಿ ಸಿದ್ಧವಾದ ಮೇಲೆ ಎರಡು ಸಲ ಪೂರ್ತಿ ನೆನೆಸಿ ಕೂರಲು ಬಿಟ್ಟು, ತಗ್ಗಾದ ಕಡೆ ಮತ್ತೆ ಮಣ್ಣು ಹಾಕಿ ಸಮ ಮಾಡಬೇಕು. ಇಳಿಜಾರಿನ ಕೆಳ ಅಂಚಿನಲ್ಲಿ ಒಂದು ಅಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೋಡಿ ಮುಕ್ಕಾಲು ಇಂಚಿನ ಖಡಿ (ಜಲ್ಲಿ) ತುಂಬಬೇಕು. ಆ ಕಾಲುವೆಗೆ ಹೊರಗೆ ಹೋಗುವ ಬಾಯಿ ಇರಬೇಕು. ಬಾಯಿಲ್ಲದ ಖಡಿ ಕಾಲುವೆ ನೆಲದೊಳಗಿನ ಹೊಂಡವಾಗುತ್ತದೆ, ಉದ್ಯಾನದ ನಾಲ್ಕೂ ಕಡೆ ಕಾಂಕ್ರೀಟ್ ಕಟ್ಟೆ ಕಟ್ಟಿ ನೀರನ್ನು ಒಳಗೇ ಕೂಡಿಹಾಕುವ ಈಗಿನ ರೂಢಿಯಲ್ಲಿ ಇದು ದೊಡ್ಡ ತೊಂದರೆ.

ಬೀದರ್ ನಗರದ ಸುತ್ತಲಿನ ಜಂಬಿಟ್ಟಿಗೆ ನೆಲದವರು ಇಷ್ಟೆಲ್ಲ ಮಾಡಬೇಕಿಲ್ಲ. ಅಲ್ಲಿ ನೀರು ತಾನೇ ಇಳಿಯುತ್ತದೆ. ಅಲ್ಲಿನ ಕೊರತೆ ಬೇರೆ, ಮಣ್ಣು ತೆಳು, ತೇವ ಹಿಡಿಯುವುದಿಲ್ಲ. ತಿಪ್ಪೆಗೊಬ್ಬರವನ್ನು ಒಂದೂವರೆ ಪಟ್ಟು ಮಾಡಿ, ನೀರನ್ನು ಕಡಿಮೆ ಅಂತರದಲ್ಲಿ ಕೊಟ್ಟರೆ ಸಾಕು. ಅದೇ ಜಿಲ್ಲೆಯ ಔರಾದ, ಭಾಲ್ಕಿ ಕಡೆಯ ಎರೆ ಹೊಲಗಳಿಗೆ ಮಾತ್ರ ಕಲಬುರಗಿಯ ಲೆಕ್ಕವೇ ಸರಿ.

ಇನ್ನು ನಾಟಿ. ಮಿರಗ (ಮೃಗಶಿರಾ ಮಳೆ) ಸುರಿದು ನೆಲ ನೆಂದ ಮೇಲೆ, ಆರಿದ್ರಾ ಮಳೆಯ ಹೊತ್ತಿಗೆ, ಅಂದರೆ ಜೂನ್ ಕೊನೆಯಿಂದ ಜುಲೈವರೆಗೆ ಒಳ್ಳೆಯ ಕಾಲ. ಇಡೀ ಹಾಸು ಕೊಳ್ಳಬೇಕಾದ ಅಗತ್ಯವೇ ಇಲ್ಲ. ಒಂದು ಚದರ ಅಡಿ ಹಾಸನ್ನು ಎರಡು ಇಂಚಿನ ಚೌಕಗಳಾಗಿ ಕತ್ತರಿಸಿದರೆ 36 ತುಂಡು ಸಿಗುತ್ತವೆ. ಆರು ಇಂಚಿಗೊಂದರಂತೆ ನೆಟ್ಟರೆ ಚದರ ಅಡಿಗೆ ನಾಲ್ಕು ಸಾಕು. ಹೀಗೆ ಒಂದು ಅಡಿ ಹಾಸು ಒಂಬತ್ತು ಅಡಿ ನೆಲಕ್ಕೆ ಆಗುತ್ತದೆ. ತುಂಡಿನ ಮೇಲ್ಮೈ ನೆಲದ ಮಟ್ಟಕ್ಕೇ ಇರಬೇಕು. ಮೇಲೆದ್ದರೆ ಒಣಗುತ್ತದೆ, ಗುಂಡಿಯಲ್ಲಿ ಕೂತರೆ ನೀರು ನಿಂತು ಕೊಳೆಯುತ್ತದೆ. ಕಾಲಿನಿಂದ ಅದುಮಿ, ಅದೇ ಗಳಿಗೆಯಲ್ಲಿ ನೀರು ಕೊಡಬೇಕು. ಮೊದಲ ಹದಿನೈದು ದಿನ ಮಳೆ ಬಿಟ್ಟಾಗಲೆಲ್ಲ ಬೆಳಿಗ್ಗೆ, ಸಂಜೆ ಹಗುರಾಗಿ ನೀರು ಬೀಳಲೇಬೇಕು. ಜುಲೈ ನಡುವೆ ನಮ್ಮಲ್ಲಿ ಮಳೆ ವಾರಗಟ್ಟಲೆ ಕೈಕೊಡುವುದುಂಟು, ನಾಟಿ ಸಾಯುವುದು ಹೆಚ್ಚಾಗಿ ಆಗಲೇ.

ಇಲ್ಲಿ ಒಂದು ಸತ್ಯವನ್ನು ಜನಪ್ರತಿನಿಧಿಗಳಿಗೂ ಅಧಿಕಾರಿಗಳಿಗೂ ಮುಚ್ಚಿಡಬಾರದು. ಈ ಹುಲ್ಲು ನಿಧಾನ. ಕರಕಿ ಎರಡು, ಎರಡೂವರೆ ತಿಂಗಳಲ್ಲಿ ನೆಲ ಮುಚ್ಚಿದರೆ ಇದಕ್ಕೆ ಒಂದು ಪೂರ್ತಿ ಮಳೆಗಾಲ ಬೇಕು, ಕೆಲವು ಕಡೆ ಮುಂದಿನ ಮಳೆಗಾಲವೂ ಬೇಕು. ಉದ್ಘಾಟನೆಯ ದಿನಕ್ಕೆ ಹಸಿರು ಬೇಕೇ ಬೇಕೆಂದರೆ ದಾರಿಯ ಎರಡು ಬದಿಗೆ ಮಾತ್ರ ಪೂರ್ತಿ ಹಾಸು ಹಾಕಿ, ಉಳಿದದ್ದನ್ನು ತುಂಡು ನಾಟಿಗೆ ಬಿಡಿ. ಹಾಸು ಹಾಕುವಾಗ ಸಾಲುಗಳನ್ನು ಇಟ್ಟಿಗೆ ಗೋಡೆಯಂತೆ ಸಂದು ತಪ್ಪಿಸಿ, ಅಂಚಿಗೆ ಅಂಚು ಒತ್ತಿ ಜೋಡಿಸಬೇಕು. ಸಂದಿನಲ್ಲಿ ಉಸುಕು ತುಂಬಿ ಹಗುರವಾದ ರೋಲರ್ ಎಳೆಯಬೇಕು.

ನೀರಿನ ಲೆಕ್ಕದಲ್ಲೂ ದೊಡ್ಡ ಗೊಂದಲವಿದೆ. ಒಂದು ಚದರ ಮೀಟರಿಗೆ ಒಂದು ಲೀಟರ್ ಹಾಕಿದರೆ ಒಂದು ಮಿ.ಮೀ. ಮಳೆ ಬಿದ್ದಂತೆ. ಕಲಬುರಗಿಯ ಮೇ ತಿಂಗಳಲ್ಲಿ ಇಂಥ ಹುಲ್ಲಿಗೆ ದಿನಕ್ಕೆ ಸುಮಾರು 5 ಮಿ.ಮೀ. ಎಂದು ಹಿಡಿದರೆ 10,000 ಚದರ ಅಡಿಯ ಉದ್ಯಾನಕ್ಕೆ 4,600 ಲೀಟರ್, ಹೆಚ್ಚು ಕಡಿಮೆ ದಿನಕ್ಕೊಂದು ಸಣ್ಣ ಟ್ಯಾಂಕರ್. ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ಇದು ಹಗುರವಾದ ಮಾತಲ್ಲ. ಆದ್ದರಿಂದ ಎಷ್ಟು ನೆಲಕ್ಕೆ ನೀರಿದೆಯೋ ಅಷ್ಟಕ್ಕೇ ಹುಲ್ಲು, ಉಳಿದ ಕಡೆ ಬೇವು, ಹೊಂಗೆ, ಫರ್ಸಿ (ಕಲ್ಲುಚಪ್ಪಡಿ) ದಾರಿ ಇರಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೇರೂರಿದ ಮೇಲೆ ದಿನಾಲೂ ಪೈಪು ಹಿಡಿದು ಎಲೆ ತೋಯಿಸುವುದನ್ನು ನಿಲ್ಲಿಸಿ, ಮೂರು ದಿನಕ್ಕೊಮ್ಮೆ ಮುಂಜಾನೆ 15 ಮಿ.ಮೀ. ಕೊಡಬೇಕು. ಅಷ್ಟು ಬಿತ್ತೋ ಇಲ್ಲವೋ ತಿಳಿಯಲು ಸ್ಪ್ರಿಂಕ್ಲರ್ ಕೆಳಗೆ ನಾಲ್ಕು ಖಾಲಿ ಡಬ್ಬ ಇಟ್ಟು ಅಳೆದರೆ ಆಯಿತು. ದಿನಾಲೂ ಮೇಲೆ ಮೇಲೆ ತೋಯಿಸಿದರೆ ಬೇರು ಮೇಲೆಯೇ ಉಳಿಯುತ್ತದೆ, ಸವಳು ನೀರಾದರೆ ಉಪ್ಪೂ ಮೇಲೆಯೇ ಕಟ್ಟುತ್ತದೆ. ಸವಳು ನೀರು ಬಳಸುವವರು ಪ್ರತಿ ಸಲ ಲೆಕ್ಕಕ್ಕಿಂತ ಆರನೇ ಒಂದು ಪಾಲು ಹೆಚ್ಚು ಕೊಟ್ಟು ಉಪ್ಪನ್ನು ಕೆಳಗೆ ತಳ್ಳಬೇಕು. ಹುಲ್ಲು ಉಪ್ಪು ತಾಳುತ್ತದೆ ನಿಜ, ಆದರೆ ವರ್ಷದಿಂದ ವರ್ಷಕ್ಕೆ ಕೂಡುತ್ತಲೇ ಹೋಗುವ ಉಪ್ಪನ್ನಲ್ಲ.

ಹುಲ್ಲು ಹಳದಿಯಾದ ಕೂಡಲೇ ಯೂರಿಯಾ ಎರಚುವುದು ಇನ್ನೊಂದು ತಪ್ಪು. ಶಹಾಬಾದ್, ಸೇಡಂ, ಚಿತ್ತಾಪುರ ಸೀಮೆಯ ನೆಲದಲ್ಲಿ ಸುಣ್ಣ ಹೆಚ್ಚು. ಸುಣ್ಣದ ನೆಲದಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಗೆರೆಯಂತೆ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಹಳೆಯ ಎಲೆ ಮೊದಲು, ಒಂದೇ ಸಮನೆ ಹಳದಿಯಾದರೆ ಸಾರಜನಕದ್ದು. ಮೊದಲನೆಯದಕ್ಕೆ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಫರ್ಸಿಯ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಮೊದಲೇ ಚೀಲ ಹಾಸಿಕೊಳ್ಳಿ. ಸಾರಜನಕಕ್ಕೆ ಯೂರಿಯಾಕ್ಕಿಂತ ಅಮೋನಿಯಂ ಸಲ್ಫೇಟ್ ಸುಣ್ಣದ ನೆಲಕ್ಕೆ ಒಗ್ಗುತ್ತದೆ. 1,000 ಚದರ ಅಡಿಗೆ ಒಂದು ಸಲಕ್ಕೆ 2.2 ಕೆ.ಜಿ., ಜೂನ್, ಆಗಸ್ಟ್, ಅಕ್ಟೋಬರ್ ಮೂರೇ ಸಲ ಸಾಕು. ಏಪ್ರಿಲ್, ಮೇನಲ್ಲಿ ಬೇಡವೇ ಬೇಡ. ಇದು ಬಡ ಉಸುಕಿನ ಹುಲ್ಲು. ಹೆಚ್ಚು ಉಣಿಸಿದರೆ ಬುಡದಲ್ಲಿ ಸತ್ತ ಕಾಂಡಗಳ ದಪ್ಪ ಪದರ ಕಟ್ಟುತ್ತದೆ. ಕಾಲಿಟ್ಟರೆ ಗಾದಿಯಂತೆ ಮೆತ್ತಗೆನಿಸುತ್ತದೆ, ನೀರು ಒಳಗಿಳಿಯುವುದಿಲ್ಲ. ಆ ಪದರ ಅರ್ಧ ಇಂಚು ದಾಟಿದರೆ ಜೂನ್ ಕೊನೆಗೆ ಕಬ್ಬಿಣದ ಹಲ್ಲಿನ ಕುಂಟೆಯಿಂದ ಕೆರೆದು ತೆಗೆಯಬೇಕು.

ಕತ್ತರಿಸುವುದು ಒಂದರಿಂದ ಒಂದೂವರೆ ಇಂಚು ಎತ್ತರಕ್ಕೆ, ಬೇಸಿಗೆಯಲ್ಲಿ ಎರಡು ಇಂಚು. ಈ ಹುಲ್ಲಿನ ಎಲೆ ಬಿರುಸು, ಬ್ಲೇಡು ಬೇಗ ಮೊಂಡಾಗುತ್ತದೆ. ಮೊಂಡು ಬ್ಲೇಡು ಎಲೆಯನ್ನು ಕತ್ತರಿಸದೆ ಹರಿಯುತ್ತದೆ, ಮರುದಿನ ಇಡೀ ಲಾನು ಕಂದಾಗಿ ಕಾಣುತ್ತದೆ. ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುವವರಿದ್ದಾರೆ.

ಎಲ್ಲ ಕಡೆ ಇದೇ ಹುಲ್ಲು ಹಾಕಿ ಎಂಬುದು ನಮ್ಮ ವಾದವಲ್ಲ. ಮಕ್ಕಳು ಕ್ರಿಕೆಟ್ ಆಡುವ, ಜಾತ್ರೆ, ಸಭೆ ಸೇರುವ ಬಯಲಿಗೆ ಕರಕಿಯೇ ಸರಿ. ತುಳಿದು ಬೋಳಾದರೂ ಒಂದು ಮಳೆಗೆ ಮತ್ತೆ ಮೂಡುತ್ತದೆ, ಜೋಯ್ಸಿಯಾ ಹಾಗೆ ಬೇಗ ಚೇತರಿಸಿಕೊಳ್ಳದು. ಮರದ ಅರೆ ನೆರಳಿನಲ್ಲಿ ಕರಕಿ ಬಡವಾಗುತ್ತದೆ, ಅಲ್ಲಿ ಜೋಯ್ಸಿಯಾ ನಿಲ್ಲುತ್ತದೆ. ಕೆರೆ ಏರಿ, ನಾಲೆಯ ದಂಡೆಯಂಥ ಕಡಿದಾದ ಇಳಿಜಾರಿಗೆ ಎರಡೂ ಬೇಡ, ಲಾವಂಚದ ಸಾಲು ಹಾಕಿ. ಗೇಣಿಗಿಂತ ಕಡಿಮೆ ಅಂತರದಲ್ಲಿ ನೆಟ್ಟ ಲಾವಂಚದ ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ.

ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗಳ ನಗರ ಸ್ಥಳೀಯ ಸಂಸ್ಥೆಗಳಲ್ಲಿ ನಮ್ಮ ಕೇಳಿಕೆ ಇಷ್ಟೇ. ಉದ್ಯಾನದ ಟೆಂಡರಿನಲ್ಲಿ ‘ಮೆಕ್ಸಿಕನ್ ಲಾನ್, ಚದರ ಅಡಿಗೆ ಇಷ್ಟು’ ಎಂಬ ಒಂದೇ ಸಾಲು ಬೇಡ. ಹುಲ್ಲಿನ ನಿಜವಾದ ಹೆಸರು, ಮಸಾರಿ ಎಷ್ಟು ಬ್ರಾಸ್, ಇಳಿಜಾರು ಎಷ್ಟು, ನೀರು ಹೊರಹೋಗುವ ಬಾಯಿ ಎಲ್ಲಿ, ಮಣ್ಣು ಮತ್ತು ನೀರಿನ ಪರೀಕ್ಷೆಯ ವರದಿ ಯಾವುದು ಎಂಬುದು ಬರೆದಿರಲಿ. ನಾಟಿ ಜೂನ್‌ಗಿಂತ ಮೊದಲು ಆಗದಿರಲಿ. ಬಿಲ್ಲಿನ ಕೊನೆಯ ಕಂತು ಒಂದು ಬೇಸಿಗೆ ದಾಟಿ, ಹಾಸಿನ ಅಂಚು ಹಿಡಿದು ಎಳೆದು ನೋಡಿದ ಮೇಲೆ ಪಾವತಿಯಾಗಲಿ. ಮತ್ತು ಪ್ರತಿ ಊರಿನಲ್ಲೂ ನೀರಿನ ಅನುಕೂಲವಿರುವ ಒಂದು ಮೂಲೆಯಲ್ಲಿ 500 ಚದರ ಅಡಿಯ ತಾಯಿಮಡಿ ಬೆಳೆಸಲಿ. ಅದರ ಅರ್ಧವನ್ನು ಪಟ್ಟಿ ಬಿಟ್ಟು ಪಟ್ಟಿಯಾಗಿ ಕತ್ತರಿಸಿ ತೆಗೆದರೂ 2,250 ಚದರ ಅಡಿಗೆ ತುಂಡುಗಳಾಗುತ್ತವೆ. ಕತ್ತರಿಸಿದ ಜಾಗಕ್ಕೆ ಮಸಾರಿ ತುಂಬಿ ನೀರು ಕೊಟ್ಟರೆ ಉಳಿದ ಪಟ್ಟಿಗಳು ಮುಂದಿನ ಆರಿದ್ರಾ ಹೊತ್ತಿಗೆ ಆ ಖಾಲಿ ಜಾಗವನ್ನು ಮತ್ತೆ ತುಂಬಿರುತ್ತವೆ.

ಇಂತಿ ತಮ್ಮ ವಿಶ್ವಾಸಿಗಳು,
ತೋಟಗಾರಿಕೆ ಕೆಲಸದಲ್ಲಿ ತೊಡಗಿರುವ ಓದುಗರು
ಕಲಬುರಗಿ